ಕಡಿದಾದ ಏರಿಗೆ 51 ಹಲ್ಲಿನ ಗೇರ್: ಶಿಮಾನೋ ಡಿಯೋರ್ ಎಂ6100, ದೀರ್ಘ ಬಳಕೆಯ ಅನುಭವ

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಜೀಪುಗಳು ಮಾತ್ರ ಹತ್ತುವ ಮಣ್ಣುದಾರಿಗಳಿವೆ. ನೂರು ಮೀಟರಿಗೆ ಇಪ್ಪತ್ತು ಮೀಟರ್ ಮೇಲೇರುವ, ಉರುಟು ಕಲ್ಲುಗಳು ಹರಡಿರುವ ಇಂಥ ದಾರಿಗಳಿಗೆಂದೇ ನನ್ನ 29 ಇಂಚು ಚಕ್ರದ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಸೈಕಲ್ಲಿಗೆ ಈ ಹನ್ನೆರಡು ಗೇರುಗಳ ವ್ಯವಸ್ಥೆಯನ್ನು ಹಾಕಿಸಿ, ಕೆಲವು ಮಳೆಗಾಲಗಳನ್ನು ಅದರೊಂದಿಗೆ ಕಳೆದಿದ್ದೇನೆ. 2020ರಲ್ಲಿ ಬಂದ ಈ ಸರಣಿಯ ಹಿಂಬದಿ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲಿನ ಚಕ್ರಗಳ ಗುಚ್ಛ) 10ರಿಂದ 51 ಹಲ್ಲುಗಳವರೆಗೆ ಹರಡಿದೆ. ಮುಂಬದಿಗೆ, ಪೆಡಲಿನ ಬಳಿ, ನಾನು 30 ಹಲ್ಲಿನ ಚಕ್ರವನ್ನು ಆರಿಸಿಕೊಂಡೆ.

ಅತಿ ಹಗುರವಾದ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 1.35 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಐದು ಕಿಲೋಮೀಟರಿಗಿಂತ ತುಸು ಕಡಿಮೆ. ಸವಾರ, ಸೈಕಲ್ ಸೇರಿ 85 ಕಿಲೋ ಇದ್ದರೆ, ಶೇಕಡಾ 20ರ ಏರಿನಲ್ಲಿ ಇಷ್ಟು ವೇಗಕ್ಕೇ ಗುರುತ್ವದ ವಿರುದ್ಧ ಸುಮಾರು 220 ವಾಟ್ ಶಕ್ತಿ ಬೇಕು. ಮೊದಲು ನನ್ನಲ್ಲಿದ್ದ, ಮುಂಬದಿ 32 ಮತ್ತು ಹಿಂಬದಿ 42 ಹಲ್ಲುಗಳ ಜೋಡಿಯಲ್ಲಿ ಅದೇ ವೇಗಕ್ಕೆ ನಿಮಿಷಕ್ಕೆ 46 ಸುತ್ತು ಸಾಕಾಗುತ್ತಿತ್ತು. ಆದರೆ ಪ್ರತಿ ತುಳಿತಕ್ಕೂ ಹೆಚ್ಚು ಬಲ ಹಾಕಬೇಕಾಗಿ, ಪೆಡಲಿನ ತೋಳು (ಕ್ರ್ಯಾಂಕ್) ನೆಲಕ್ಕೆ ಸಮಾನಾಂತರವಾದ ಕ್ಷಣದಲ್ಲಿ ಹಿಂದಿನ ಟೈರ್ ಸಡಿಲ ಜಲ್ಲಿಯ ಮೇಲೆ ಗಿರ್ರನೆ ತಿರುಗಿಬಿಡುತ್ತಿತ್ತು. ಹಗುರ ಗೇರಿನ ದೊಡ್ಡ ಉಪಕಾರ ಕಾಲಿನ ಆರಾಮಕ್ಕಿಂತ ಹೆಚ್ಚಾಗಿ ಈ ಹಿಡಿತದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಗೇರೊಂದೇ ಬೆಟ್ಟ ಹತ್ತಿಸುವುದಿಲ್ಲ. ಎದೆಯನ್ನು ಹ್ಯಾಂಡಲ್ಲಿನತ್ತ ಬಾಗಿಸಿ, ಮೊಣಕೈಗಳನ್ನು ಕೆಳಗಿಳಿಸಿ, ಸೀಟಿನ ಮೂತಿಯ ಮೇಲೆ ಕುಳಿತರಷ್ಟೇ ಮುಂದಿನ ಚಕ್ರ ಮೇಲೇಳದೆ, ಹಿಂದಿನದು ಜಾರದೆ ಉಳಿಯುತ್ತದೆ. ಹಿಂಬದಿಯ ಟ್ಯೂಬ್‌ಲೆಸ್ ಟೈರಿನ ಗಾಳಿಯನ್ನೂ ನಾನು 22 ಪಿಎಸ್‌ಐಗೆ ಇಳಿಸಿಕೊಂಡಿದ್ದೇನೆ. ಒತ್ತಡದಲ್ಲಿದ್ದಾಗಲೂ ಈ ಚೈನ್ ಗೇರಿನಿಂದ ಗೇರಿಗೆ ಮೃದುವಾಗಿ ಏರುತ್ತದೆ. ಆದರೂ ಏರು ಶುರುವಾಗುವ ಮೊದಲೇ 51ಕ್ಕೆ ಬಂದಿರುವುದು ಒಳ್ಳೆಯದು.

ಜೋಡಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೈಕಲ್ ಅಂಗಡಿಯೊಂದರಲ್ಲಿ, ಡಿರೇಲರಿಗೂ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕ್ಯಾಸೆಟ್ಟಿಗೂ ನಡುವಿನ ಅಂತರ ಹೊಂದಿಸುವ ಬಿ-ಸ್ಕ್ರೂವನ್ನು ಅಂದಾಜಿನ ಮೇಲೆ ತಿರುಗಿಸಿಕೊಟ್ಟಿದ್ದರಿಂದ ಮೊದಲ ಕೆಲವು ವಾರ ಡಿರೇಲರಿನ ಮೇಲಿನ ಪುಟ್ಟ ಚಕ್ರ 51ರ ಹಲ್ಲಿಗೆ ತಾಗಿ ಕರಕರ ಸದ್ದು ಮಾಡುತ್ತಿತ್ತು. ಡಿರೇಲರಿನ ಪುಟ್ಟ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ (ಕೇಜ್) ಹಿಂಬದಿಯಲ್ಲಿ ಇದಕ್ಕೆಂದೇ ಒಂದು ಗೆರೆ ಕೊರೆದಿದ್ದಾರೆ. ಚೈನನ್ನು 51ರ ಮೇಲಿಟ್ಟು ಹಲ್ಲಿನ ತುದಿಗಳು ಆ ಗೆರೆಗೆ ಸರಿಯಾಗುವಂತೆ ಸ್ಕ್ರೂ ತಿರುಗಿಸಿದ ಮೇಲೆ ಸದ್ದು ಪೂರ್ತಿ ನಿಂತಿತು.

ಕ್ಯಾಸೆಟ್ ಉಕ್ಕಿನದಾದ್ದರಿಂದ ಸುಮಾರು 600 ಗ್ರಾಂ ತೂಗುತ್ತದೆ. ಏರಿನಲ್ಲಿ ಪ್ರತಿ ಗ್ರಾಮನ್ನೂ ಲೆಕ್ಕ ಹಾಕುವವರಿಗೆ ಇದು ಭಾರವೆನಿಸಬಹುದು; ಮಲೆನಾಡಿನ ಕೆಂಪು ಕೆಸರಿನಲ್ಲಿ ತುಳಿಯುವ ನನಗೆ ಬಾಳಿಕೆಯೇ ಮುಖ್ಯ. ಚೈನ್ ಶೇಕಡಾ 0.5ರಷ್ಟು ಹಿಗ್ಗಿದೊಡನೆ ಬದಲಿಸುತ್ತಾ ಬಂದಿರುವುದರಿಂದ ಮೊದಲ ಕ್ಯಾಸೆಟ್ಟೇ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಕೊಳ್ಳುವ ಮುನ್ನ ನಿಮ್ಮ ಹಿಂದಿನ ಚಕ್ರದ ಹಬ್ಬನ್ನು (ಚಕ್ರದ ನಡುಭಾಗ) ಪರಿಶೀಲಿಸಿಕೊಳ್ಳಿ. ಈ ಕ್ಯಾಸೆಟ್ ಮೈಕ್ರೋ ಸ್ಪ್ಲೈನ್ ಎಂಬ ಮಾದರಿಯ ಫ್ರೀಹಬ್ಬಿನ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಮಾತ್ರ ಕೂರುತ್ತದೆ. ಹಳೆಯ ಹಬ್ಬಿಗೆ ಆ ಭಾಗ ಸಿಗದಿದ್ದರೆ ಹಬ್ ಅಥವಾ ಇಡೀ ಹಿಂದಿನ ಚಕ್ರದ ಖರ್ಚನ್ನೂ ಸೇರಿಸಿಕೊಂಡೇ ನಿರ್ಧರಿಸಬೇಕಾಗುತ್ತದೆ.