ಹಳೇ ಕಾರಿಗೆ ಹೊಸ ಮೀಟರ್ ಹಾಕೋ ಮುಂಚೆ ಇದನ್ನು ಓದಿ

ಎಂಜಿನ್ ಹೆಡ್ ಬಿಚ್ಚಿಸಿ, ಫೇಸಿಂಗ್ ಮಾಡಿಸಿ (ಅಂದರೆ ಅದರ ತಳ ಮಟ್ಟ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ನನ್ನ ಕಾರು ಈಗಷ್ಟೇ ಮನೆಗೆ ಬಂದಿದೆ. ಇಷ್ಟಕ್ಕೂ ಕಾರಣ ನಾನೇ ಕೈಯಾರೆ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ, ವೇಗ, ಪೆಟ್ರೋಲ್, ಎಂಜಿನ್ ಬಿಸಿ ಎಲ್ಲ ತೋರಿಸುವ ಮೀಟರ್. ನೀವೂ ಇದೇ ಯೋಚನೆಯಲ್ಲಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ.

ಅದೇ ಮಾಡೆಲ್‌ನ ನಂತರದ ವರ್ಷಗಳಲ್ಲಿ ಬಂದ ಮೀಟರ್ ನೋಡೋಕೆ ಬಹಳ ಚೆಂದ. ಬಿಳಿ ಬೆಳಕು, ಆರ್‌ಪಿಎಂ ಮುಳ್ಳು, ಡಿಜಿಟಲ್ ಓಡೋಮೀಟರ್. ಗುಜರಿಗೆ ಹೋದ ಕಾರಿನಿಂದ ಬಿಚ್ಚಿದ್ದು ಸಿಕ್ಕಿತು. ಹಿಂದಿನ ಕಪ್ಲರ್ (ವೈರುಗಳ ಪ್ಲಗ್) ಕೂಡ ಒಂದೇ ಆಕಾರ, ಟಕ್ಕಂತ ಕೂತಿತು. ಆದರೆ ಕಪ್ಲರ್ ಕೂತ ಮಾತ್ರಕ್ಕೆ ವೈರುಗಳು ಹೊಂದಿದವು ಅಂತ ಅಲ್ಲ. ಎರಡೂ ವೈರಿಂಗ್ ಡಯಾಗ್ರಾಂ ಪಕ್ಕಪಕ್ಕ ಇಟ್ಟು ನೋಡಿದೆ, ಪಿನ್‌ಗಳ ಜಾಗ ಅದಲುಬದಲಾಗಿತ್ತು. ಒಂದೊಂದೇ ಪಿನ್ ಕಿತ್ತು ಜಾಗ ಬದಲಿಸಿದೆ. ಕೀ ತಿರುಗಿಸಿದರೆ ಮುಳ್ಳುಗಳು ಎದ್ದವು, ದೀಪಗಳು ಹತ್ತಿದವು. ಕೆಲಸ ಮುಗಿಯಿತು ಅಂದುಕೊಂಡೆ.

ಪೆಟ್ರೋಲ್ ಮುಳ್ಳು ಫುಲ್ ಟ್ಯಾಂಕಿಗೆ ಖಾಲಿ ಅಂತ ತೋರಿಸಿತು. ಟ್ಯಾಂಕ್ ತುಂಬಿದಂತೆ, ಪೆಟ್ರೋಲ್ ಮೇಲೆ ತೇಲಿ ಮಟ್ಟ ಅಳೆಯುವ ಕೆಲವು ಫ್ಲೋಟ್‌ಗಳಲ್ಲಿ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಏರುತ್ತೆ, ಕೆಲವದರಲ್ಲಿ ಇಳಿಯುತ್ತೆ; ನನ್ನ ಫ್ಲೋಟ್ ಒಂದು ಥರ, ಹೊಸ ಮೀಟರ್ ಲೆಕ್ಕ ಅದಕ್ಕೆ ಉಲ್ಟಾ. ಅದು ಅವತ್ತೇ ಕಣ್ಣಿಗೆ ಬಿದ್ದಿದ್ದರಿಂದ ತೊಂದರೆಯಾಗಲಿಲ್ಲ.

ಮೂರನೇ ದಿನ ಬ್ಯಾಟರಿ ಡೌನ್. ಚಾರ್ಜ್ ಮಾಡಿಸಿ ಹಾಕಿದರೆ ಎರಡು ದಿನಕ್ಕೆ ಮತ್ತೆ ಡೌನ್. ಮಲ್ಟಿಮೀಟರ್ ಹಿಡಿದು ನೋಡಿದೆ. ಸ್ಟಾರ್ಟ್ ಮಾಡಿ ಸುಮ್ನೆ ಬಿಟ್ಟರೆ 12.2 ವೋಲ್ಟ್, ಒಂದು ಸಲ ಜೋರಾಗಿ ರೇಸ್ ಕೊಟ್ಟರೆ 14ರ ಮೇಲೆ. ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗೇ ಇದೆ, ಅದನ್ನು ಎಬ್ಬಿಸುವವರು ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಇಂಥ ಹಳೇ ಕಾರುಗಳಲ್ಲಿ ಕೆಂಪು ಬ್ಯಾಟರಿ ದೀಪ ಬರೀ ಎಚ್ಚರಿಕೆಯ ದೀಪ ಅಲ್ಲ. ಆ ಪುಟ್ಟ ಬಲ್ಬಿನ ಮೂಲಕ ಹರಿಯುವ ಕರೆಂಟೇ ಆಲ್ಟರ್ನೇಟರ್ ಚಾರ್ಜ್ ಶುರುಮಾಡಲು ಬೇಕು. ಹೊಸ ಮೀಟರ್‌ನಲ್ಲಿ ಬಲ್ಬಿನ ಬದಲು ಎಲ್‌ಇಡಿ ಇದೆ, ಅದರಲ್ಲಿ ಹರಿಯುವುದು ಕೆಲವೇ ಮಿಲಿಆಂಪ್. ಎಲ್‌ಇಡಿಗೆ ಪ್ಯಾರಲಲ್ ಆಗಿ 47 ಓಮ್, 5 ವ್ಯಾಟ್‌ನ ರೆಸಿಸ್ಟರ್ ಹಾಕಿದ ಮೇಲೆ ಸರಿಹೋಯಿತು.

ಎಂಜಿನ್ನನ್ನು ಸುಟ್ಟಿದ್ದು ಟೆಂಪರೇಚರ್ ಮುಳ್ಳು. ಹೊಸ ಮೀಟರ್ ಹಾಕಿದಾಗಿನಿಂದ ಅದು ನಡುಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಎಂಜಿನ್ ತಂಪಾಗಿ ಓಡ್ತಿದೆ ಅಂತ ಖುಷಿಪಟ್ಟೆ. ಒಂದು ದಿನ ಉದ್ದ ಏರು ರಸ್ತೆ, ಕಾರಲ್ಲಿ ಜನ, ಎಸಿ ಬೇರೆ. ಮುಳ್ಳು ಮೆಲ್ಲಗೆ ಏರಿ ಸರಿಯಾಗಿ ನಡುಗೆರೆಯ ಮೇಲೆ ನಿಂತಿತು. ಈಗ ಸರಿಯಾಯ್ತು ಅಂದುಕೊಂಡೆ. ಹತ್ತು ನಿಮಿಷದಲ್ಲಿ ಎಂಜಿನ್ ತಂಪು ಮಾಡುವ ಕೂಲೆಂಟ್‌ನ ಸಿಹಿ ಸಿಹಿ ವಾಸನೆ, ಎಂಜಿನ್ ಎಳೆಯುತ್ತಿಲ್ಲ, ಬಾನೆಟ್ ಅಂಚಿನಿಂದ ಹಬೆ. ಆಗಲೂ ಮುಳ್ಳು ನಡುಗೆರೆಯಲ್ಲೇ ಇತ್ತು, ಟೆಂಪರೇಚರ್ ಎಚ್ಚರಿಕೆಯ ಕೆಂಪು ದೀಪ ಹತ್ತಲಿಲ್ಲ.

ಆಮೇಲೆ ಎಂಜಿನ್ ಬಿಸಿ ಅಳೆಯುವ ಸೆನ್ಸರ್ ಬಿಚ್ಚಿ ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟೆ, ಪಕ್ಕದಲ್ಲೇ ಥರ್ಮಾಮೀಟರ್. ಬಿಸಿ ಏರಿದಂತೆ ಈ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿಯಬೇಕು. 90 ಡಿಗ್ರಿಗೆ 148 ಓಮ್ ಬಂತು, ನೀರು ಕೊತಕೊತ ಕುದಿಯುವಾಗ 112. ಆಮೇಲೆ ಮೀಟರ್‌ಗೆ ಸೆನ್ಸರ್ ಬದಲು ವೇರಿಯಬಲ್ ರೆಸಿಸ್ಟರ್ ಕೊಟ್ಟು ತಿರುಗಿಸುತ್ತಾ ಹೋದೆ. ಮುಳ್ಳು ನಡುಗೆರೆ ಮುಟ್ಟಿದ್ದು 85 ಓಮ್‌ನಲ್ಲಿ. ಕುದಿಯುವ ನೀರಿಗೂ ನಡುಗೆರೆಗೆ ಬಾರದ ಮುಳ್ಳು! ಇನ್ನೊಂದು ಕಾಟ ಏನಂದರೆ, ಈಚಿನ ಎಷ್ಟೋ ಮೀಟರ್‌ಗಳಲ್ಲಿ ಮುಳ್ಳು ಒಮ್ಮೆ ನಡುವಿಗೆ ಬಂದರೆ ಬಿಸಿ ಇನ್ನಷ್ಟು ಏರಿದರೂ ಅಲ್ಲಾಡದೆ ನಿಲ್ಲುವಂತೆ ಮಾಡಿರುತ್ತಾರೆ. ಓಡಿಸುವವರು ಗಾಬರಿಯಾಗದಿರಲಿ ಅಂತ. ಸರಿಯಾದ ಸೆನ್ಸರ್ ಇದ್ದರೆ ಅದು ಪರವಾಗಿಲ್ಲ. ನನ್ನಲ್ಲಿ ಅದೇ ಮುಳುವಾಯಿತು.

ಈ ಪಾತ್ರೆ-ನೀರಿನ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಮೀಟರ್ ಕೂರಿಸುವ ಮುಂಚೆಯೇ ಮಾಡಿ, ಟೇಬಲ್ ಮೇಲೇ ಮಾಡಿ. ಅಳತೆ ಹೊಂದದಿದ್ದರೆ ಹೊಸ ಮೀಟರ್‌ಗೆ ಸೇರಿದ ಸೆನ್ಸರನ್ನೇ ಹುಡುಕಿ, ಆದರೆ ಅದರ ಥ್ರೆಡ್ ನಿಮ್ಮ ಎಂಜಿನ್‌ಗೆ ಕೂರುತ್ತಾ ನೋಡಿಕೊಳ್ಳಿ. ಆಯಿಲ್ ಪ್ರೆಷರ್ ದೀಪವನ್ನೂ ಬಿಡಬೇಡಿ. ಕೀ ಆನ್ ಮಾಡಿದಾಗ ಹತ್ತಬೇಕು, ಸ್ಟಾರ್ಟ್ ಆದ ಕೂಡಲೇ ಆರಬೇಕು, ಸ್ವಿಚ್‌ನ ವೈರನ್ನು ಗ್ರೌಂಡ್‌ಗೆ (ಕಾರಿನ ಲೋಹದ ಬಾಡಿಗೆ) ಮುಟ್ಟಿಸಿದರೆ ಮತ್ತೆ ಹತ್ತಬೇಕು. ನನ್ನ ಕಾರಿನ ಸ್ವಿಚ್ ಹಾಗೆ ಕೆಲಸ ಮಾಡುತ್ತೆ, ನಿಮ್ಮದು ಹೇಗೆ ಅಂತ ಡಯಾಗ್ರಾಂ ನೋಡಿ.

ಇನ್ನೂ ಹೊಸ ಕಾಲದ ಮೀಟರ್ ಆದರೆ ಕೈ ಹಾಕದಿರುವುದೇ ಒಳ್ಳೇದು. ಅವುಗಳಿಗೆ ಸೆನ್ಸರ್‌ನಿಂದ ನೇರ ವೈರು ಬರುವುದು ಕಡಿಮೆ, ಹೆಚ್ಚಿನ ಮಾಹಿತಿ ಕ್ಯಾನ್ ಬಸ್ ಎಂಬ ಎರಡು ಎಳೆಗಳ ಮೇಲೆ ಬರುತ್ತೆ. ಹಳೇ ಕಾರಿನಲ್ಲಿ ಅದನ್ನು ಕಳಿಸುವವರೇ ಇರಲ್ಲ ಅಲ್ವಾ? ಕೆಲವು ಕಾರುಗಳಲ್ಲಿ ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಕೂಡ ಮೀಟರ್ ಒಳಗೇ ಇರುತ್ತೆ.

ಕೊನೆಗೆ ಓಡೋಮೀಟರ್ ವಿಷಯ. ಹೊಸ ಮೀಟರ್ ತಾನು ಹಿಂದೆ ಇದ್ದ ಕಾರಿನ ಕಿಲೋಮೀಟರ್ ತೋರಿಸುತ್ತೆ. ಮುಂದೆ ಕಾರು ಕೊಳ್ಳುವವರಿಗೆ ಅದು ಮೋಸ ಆಗುತ್ತೆ, ಎಷ್ಟೋ ಕಡೆ ಕಾನೂನಿನ ಪ್ರಕಾರವೂ ತಪ್ಪಾಗಬಹುದು. ನಾನು ಎರಡೂ ಮೀಟರ್‌ಗಳ ಅಂಕಿಯ ಫೋಟೋ ತೆಗೆದು, ಬದಲಿಸಿದ ತಾರೀಖು ಬರೆದು, ಕಾರಿನ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಈಗ ಹಳೇ ಮೀಟರ್ ಮತ್ತೆ ತನ್ನ ಜಾಗಕ್ಕೆ ಬಂದಿದೆ, ಆ ತಾರೀಖನ್ನೂ ಕೆಳಗೆ ಬರೆದಿದ್ದೇನೆ.