ಪೆಡಲ್ ಸ್ಟೀಲ್‌ಗೆ ಹಳೇ ಆಂಪ್: ಟ್ವಿನ್, ಜಾಜ್ ಕೋರಸ್, ಕೀಬೋರ್ಡ್ ಆಂಪ್

ದಾವಣಗೆರೆಯಲ್ಲಿ ಪೆಡಲ್ ಸ್ಟೀಲ್ ಅಂದರೆ ಆರ್ಕೆಸ್ಟ್ರಾದವರೂ ಹವಾಯನ್ ಗಿಟಾರ್ ಅಂದುಕೊಳ್ಳುತ್ತಾರೆ. ಇದೂ ಮಲಗಿಸಿಟ್ಟು, ತಂತಿಯ ಮೇಲೆ ಲೋಹದ ಬಾರ್ ಜಾರಿಸಿ ನುಡಿಸುವ ಗಿಟಾರೇ, ಆದರೆ ಕಾಲಿನ ಪೆಡಲ್ ತುಳಿದು ತಂತಿಗಳ ಶ್ರುತಿ ಬದಲಿಸಬಹುದು. ಇದಕ್ಕೆಂದೇ ಮಾಡಿದ ಪೀವಿ ನ್ಯಾಶ್‌ವಿಲ್‌ನಂಥ ಆಂಪ್ ಇಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವುದು ಹಾಗಿರಲಿ, ಹೆಸರು ಕೇಳಿದವರೇ ಕಮ್ಮಿ. ನನಗೆ ನುಡಿಸಿ ನೋಡಲು ಸಿಕ್ಕಿದ್ದು ಫೆಂಡರ್ ಟ್ವಿನ್ ರಿವರ್ಬ್, ರೋಲ್ಯಾಂಡ್ ಜೆಸಿ-120 (ಜಾಜ್ ಕೋರಸ್), ಆಮೇಲೆ ಆರ್ಕೆಸ್ಟ್ರಾದವರೊಬ್ಬರು ಮಾರಲು ಇಟ್ಟಿದ್ದ 15 ಇಂಚು ಸ್ಪೀಕರಿನ ಕೀಬೋರ್ಡ್ ಆಂಪ್.

ಮಾಮೂಲಿ ಗಿಟಾರಿನವರಿಗೆ ಆಂಪ್ ಸ್ವಲ್ಪ ಒಡೆದ ದನಿ ಕೊಟ್ಟರೆ ಖುಷಿ. ನಮಗೆ ಅದು ಆಗಿಬರುವುದಿಲ್ಲ. ಮೀಟುವಾಗ ವಾಲ್ಯೂಮ್ ಪೆಡಲ್ ಅರ್ಧದಲ್ಲಿರುತ್ತದೆ. ಸ್ವರ ಇಳಿಯುತ್ತಾ ಬಂದ ಹಾಗೆ ಪೆಡಲ್ ಒತ್ತಿ ಅದನ್ನು ಹಿಡಿದು ನಿಲ್ಲಿಸಬೇಕು. ಅಷ್ಟು ಶಕ್ತಿ ಆಂಪಿನಲ್ಲಿ ಮಿಕ್ಕಿರಬೇಕು ಅಲ್ವಾ? ಇಲ್ಲದಿದ್ದರೆ ಮೂರು ತಂತಿ ಮೀಟಿ, ಶ್ರುತಿ ಬದಲಿಸುವ ಎ, ಬಿ ಪೆಡಲ್ ಒಟ್ಟಿಗೆ ತುಳಿದಾಗ ಸ್ವರಗಳೆಲ್ಲ ಕಲಸಿಹೋಗುತ್ತವೆ.

ದನಿಯಲ್ಲಿ ಟ್ವಿನ್‌ಗೆ ಎದುರಿಲ್ಲ. 85 ವ್ಯಾಟ್, 12 ಇಂಚಿನ ಎರಡು ಸ್ಪೀಕರ್. 12ನೇ ಫ್ರೆಟ್ ದಾಟಿದ ಮೇಲೂ ಸ್ವರ ತೆಳ್ಳಗಾಗಲಿಲ್ಲ. ಆದರೆ ಅದು ಅಮೆರಿಕದಿಂದ ತಂದದ್ದು, 120 ವೋಲ್ಟಿನದು. ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಜೊತೆಗೇ ಹೊರಬೇಕು. ಆಂಪೇ ಸುಮಾರು 29 ಕಿಲೋ. ಗಣಪತಿ ಪೆಂಡಾಲಿನ ಜನರೇಟರಿಗೆ ಗಾಜಿನ ವಾಲ್ವ್‌ಗಳಿಂದ ಓಡುವ ಇಂಥ ಆಂಪ್ ಸಿಕ್ಕಿಸಲು ನನಗಂತೂ ಧೈರ್ಯ ಬರಲಿಲ್ಲ. ಮನೆಯಲ್ಲೇ ನುಡಿಸುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.

ಕೀಬೋರ್ಡ್ ಆಂಪಿನಲ್ಲಿ ಕೆಳಗಿನ ಸ್ವರ ತುಂಬಿ ಬರುತ್ತದೆ. ಮೇಲಿನ ಸ್ವರಗಳಿಗೆಂದು ಇರುವ ಚಿಕ್ಕ ಸ್ಪೀಕರ್, ಟ್ವೀಟರೇ ತಲೆನೋವು. ಬೆರಳಿನ ಪಿಕ್ಕಿನ ಟಕಟಕ, ಸುತ್ತುತಂತಿಯ ಮೇಲೆ ಬಾರ್ ಜಾರುವ ಗರಗರ, ಎಲ್ಲವೂ ಸಭೆಗೆ ಕೇಳುತ್ತದೆ. ಬೇಡ.

ನಾನು ತಂದದ್ದು ಜೆಸಿ-120. 1975ರಿಂದ ಬರುತ್ತಿರುವ ಮಾದರಿ, 60 ವ್ಯಾಟಿನ ಎರಡು ಆಂಪ್, ವಾಲ್ವ್ ಇಲ್ಲ. ಎಷ್ಟು ಜೋರು ಮಾಡಿದರೂ ದನಿ ಶುಭ್ರ. ಸ್ಟೀಲ್ ಹಚ್ಚಿದ ಕೂಡಲೇ ಮಾತ್ರ ಕಿವಿಗೆ ಚುಚ್ಚುತ್ತದೆ, ನಡುವೆ ಮೂಗಿನಲ್ಲಿ ಹಾಡಿದ ಹಾಗೆ. ತಂತಿಯ ದನಿ ಹಿಡಿದು ಆಂಪಿಗೆ ಕಳಿಸುವ ನಮ್ಮ ಪಿಕಪ್ ಜೋರಿರುವುದರಿಂದ ಲೋ ಇನ್‌ಪುಟ್‌ಗೆ ಹಾಕಿದೆ, ಬ್ರೈಟ್ ಸ್ವಿಚ್ ಇಳಿಸಿದೆ. ಚುಚ್ಚುವುದು ನಿಂತಿತು, ಮೂಗುದನಿ ಹೋಗಲಿಲ್ಲ. ಪೀವಿ ನ್ಯಾಶ್‌ವಿಲ್ ಆಂಪಿನಲ್ಲಿ ಇದಕ್ಕೆಂದೇ ಶಿಫ್ಟ್ ನಾಬ್ ಇದೆ, ಮಿಡ್ ಅಂದರೆ ನಡುದನಿಯಲ್ಲಿ ಯಾವ ಜಾಗ ಇಳಿಸಬೇಕು ಅಂತ ಅದರಲ್ಲಿ ಆರಿಸಬಹುದು. ಸ್ಟೀಲಿನವರು 800 ಹರ್ಟ್ಸ್ ಆಸುಪಾಸು ಹಿಡಿದು ಮಿಡ್ ಇಳಿಸುತ್ತಾರೆ. ಜೆಸಿಯ ಮಿಡಲ್ ನಾಬಿನಲ್ಲಿ ಹಾಗೆ ಜಾಗ ಆರಿಸಲು ಬರುವುದಿಲ್ಲ. ಅದಕ್ಕೇ ಹಳೇ ಬಾಸ್ ಜಿಇ-7 ಈಕ್ವಲೈಜರ್ ಪೆಡಲ್ ಒಂದನ್ನು ಸೇರಿಸಿದೆ. ಅದರಲ್ಲಿ 800ಕ್ಕೇ ಒಂದು ಗುಂಡಿ ಇದೆ. ಅದನ್ನು ಅರ್ಧ ಕೆಳಗೆ ಎಳೆದರೆ ಸಾಕು, ಹಾಡು ಗಂಟಲಿಗೆ ಇಳಿಯುತ್ತದೆ.

ತೂಕದಲ್ಲಿ ಟ್ವಿನ್‌ಗಿಂತ ಅಂಥಾ ಹಗುರವೇನಲ್ಲ. ಆದರೆ ಚಕ್ರ ಇವೆ, 230 ವೋಲ್ಟಿಗೇ ಓಡುತ್ತದೆ, ಕಲ್ಯಾಣ ಮಂಟಪದೊಳಗೆ ಒಬ್ಬನೇ ತಳ್ಳಿಕೊಂಡು ಹೋಗಬಹುದು.

ನೋಡಲು ಹೋಗುವಾಗ ನಿಮ್ಮ ಸ್ಟೀಲನ್ನೇ ಒಯ್ಯಿರಿ. ಮಾರುವವರು ಆರು ತಂತಿಯ ಗಿಟಾರ್ ನುಡಿಸಿ ಚೆಂದ ಕೇಳಿಸುತ್ತಾರೆ, ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ಆನ್ ಇಟ್ಟು, ಬಿಸಿಯಾದ ಮೇಲೆ 15ನೇ ಫ್ರೆಟ್ಟಿನಲ್ಲಿ ನುಡಿಸಿ. ಎಲ್ಲ ನಾಬ್ ತಿರುಗಿಸಿ, ಕರಕರ ಅಂದರೆ ರೇಟು ಇಳಿಸಿ ಕೇಳಿ. ದನಿಯನ್ನು ತೂಗಾಡಿಸುವ ಜೆಸಿಯ ಹೆಸರಾಂತ ಕೋರಸ್ ಮಾತ್ರ ಆಫ್ ಇರಲಿ. ಬಾರ್ ಅಲುಗಿಸುವುದರ ಜೊತೆ ಅದೂ ಸೇರಿದರೆ ಶ್ರುತಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.