ಮಷೀನ್ ಸದ್ದಿನ ನಡುವೆ ಕೇಳಿದ ಕಾಮಿಡಿ

ನಮ್ಮ ಮನೆ ಟಿವಿಯನ್ನು ನಾನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಬಳ್ಳಾರಿ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇವೆ. ಎರಡು ಮಷೀನು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ನೆಗೆಣ್ಣಿ. ನನಗೆ ಹಿಂದಿನ ಜೇಬು, ಅವಳಿಗೆ ಸೈಡ್ ಹೊಲಿಗೆ. ಪೀಸಿನ ಲೆಕ್ಕದಲ್ಲಿ ದುಡ್ಡು. ಸೂಜಿ ಮೇಲಿಂದ ಕಣ್ಣು ಕಿತ್ತರೆ ಜೇಬು ಸೊಟ್ಟಗಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು. ಹಾಗಾಗಿ ಬಾಬಿನ್ ಬದಲಿಸುವಾಗ ಮಾತ್ರ ತಲೆ ಎತ್ತುತ್ತೇನೆ. ಉಳಿದ ಹೊತ್ತೆಲ್ಲ ಕಿವಿಯದ್ದೇ ಕೆಲಸ.

ಇಷ್ಟು ವರ್ಷ ಹೀಗೆ ಕೇಳಿ ಕೇಳಿ ನನಗೊಂದು ಅಳತೆ ಸಿಕ್ಕಿದೆ. ಮಷೀನ್ ಓಡುತ್ತಿರುವಾಗಲೂ ಮಾತಿನಿಂದಲೇ ನಗು ಬಂದರೆ ಅದು ಒಳ್ಳೆ ಕಾಮಿಡಿ. ಮುಖ ನೋಡಿದರೆ ಮಾತ್ರ ನಗು ಬರುತ್ತದೆ ಅಂದರೆ ಬರೆದವರು ಬರೆಯುವ ಕೆಲಸ ಮುಗಿಸಿಲ್ಲ ಅಂತ ಅರ್ಥ.

ಈಟಿವಿ ಕನ್ನಡದಲ್ಲಿ 'ಸಿಲ್ಲಿ ಲಲ್ಲಿ' ಬರುತ್ತಿದ್ದ ಕಾಲ ನೆನಪಿದೆ. ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ. ಆಗಿನ್ನೂ ನಾನು ಹೊಲಿಗೆ ಕಲಿಯುತ್ತಿದ್ದೆ. ಲಲಿತಾಂಬ ಒಳಗೆ ಬಂದರೆ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಒಬ್ಬೊಬ್ಬರ ಮಾತೂ ಒಂದೊಂದು ಥರ. ಯಾರು ಮಾತಾಡುತ್ತಿದ್ದಾರೆ ಅಂತ ಯಾವತ್ತೂ ತಲೆ ಎತ್ತಿ ನೋಡಬೇಕಾಗಿರಲಿಲ್ಲ.

ಈಗಿನ ಕಾಮಿಡಿ ಧಾರಾವಾಹಿಗಳಲ್ಲಿ ನನಗೆ ಕಷ್ಟವಾಗುವುದು ಇಲ್ಲೇ. ಅಪ್ಪ, ಮಗ, ಸೊಸೆ, ಪಕ್ಕದ ಮನೆಯವರು, ಎಲ್ಲರದೂ ಒಂದೇ ಬೆಂಗಳೂರು ಕನ್ನಡ, ಒಂದೇ ಓಟ. ಮಾತು ಮುಗಿಯುವ ಮೊದಲೇ 'ಟೊಯ್ಂ' ಅಂತ ಸದ್ದು, ಹಿಂದೆಯೇ ಯಾರೋ ನಕ್ಕ ಶಬ್ದ. ಆ ಸದ್ದು ಬಂದಾಗಲೆಲ್ಲ ನೆಗೆಣ್ಣಿ ಪೆಡಲ್ ನಿಲ್ಲಿಸಿ ಕೇಳುತ್ತಾಳೆ, "ಅದ್ರಾಗೆ ನಗಾಕೆ ಏನೈತಕ್ಕಾ?" ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಪಾತ್ರ ಬಂತು ಅಂದರೆ ವಾಚ್‌ಮನ್ ಇರಬೇಕು, ಇಲ್ಲ ಊರಿಂದ ಚೀಲ ಹೊತ್ತು ಬಂದ ಮಾವ ಇರಬೇಕು. ಅವರ ಬಾಯಲ್ಲಿ ಹಾಕುವ ಮಾತೋ, ಧಾರವಾಡದ್ದೂ ಅಲ್ಲ, ಬಳ್ಳಾರಿಯದ್ದೂ ಅಲ್ಲ. ಎಲ್ಲದಕ್ಕೂ ಒಂದು 'ರೀ' ಸೇರಿಸಿದರೆ ಉತ್ತರ ಕರ್ನಾಟಕ ಆಗಿಬಿಡುತ್ತದಾ? ನಮ್ಮ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮಾತಿನಲ್ಲಿ ಬಂದುಹೋಗುತ್ತವೆ. ಅದನ್ನು ಟಿವಿಯಲ್ಲಿ ಇನ್ನೂ ಕೇಳಿಲ್ಲ. ಇದು ನನ್ನ ನಿಜವಾದ ನೋವು.

ಹಳೆ ಕಾಮಿಡಿ ಧಾರಾವಾಹಿ 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಶುರುವಾದಾಗ ಖುಷಿಯಿಂದ ಕೂತೆ. ಚಿದಾನಂದ್, ಶಾಲಿನಿ ಅವರೇ ಮತ್ತೆ ಬಂದಿದ್ದರು. ಶಾಲಿನಿಯವರ ಶ್ರೀಮತಿ ಗದರಿದರೆ ಈಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ಆದರೆ ಗಂಡನಿಗೆ ಹೊಡೆಯುವುದೇ ನಗು ಅನ್ನುವ ಭಾಗ ನನಗೆ ಆಗಲೂ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಅವರಿಬ್ಬರ ಮಾತಿನ ಜಗಳವೇ ಸಾಕಾಗಿತ್ತು.

ಪಕ್ಕದ ಮನೆಯವರು ತೆಲುಗಿನವರು. ಅವರ ಮೊಬೈಲಿನಲ್ಲಿ 'ಶಿವರಪಲ್ಲಿ' ನೋಡಿದೆ. ಹಿಂದಿಯ 'ಪಂಚಾಯತ್' ಅನ್ನು ತೆಲುಗಿಗೆ ತಂದದ್ದು, 2025ರಲ್ಲಿ ಬಂತು. ಎಂಜಿನಿಯರಿಂಗ್ ಓದಿದ ಹುಡುಗ ಹಳ್ಳಿಗೆ ಪಂಚಾಯಿತಿ ಸೆಕ್ರೆಟರಿಯಾಗಿ ಬರುತ್ತಾನೆ. ಕಥೆ ಹಿಂದಿಯದ್ದೇ, ಆದರೆ ಮಾತು ತೆಲಂಗಾಣದ ಹಳ್ಳಿಯದ್ದು. ಯಾರೂ ನಗಿಸಲು ಹೆಣಗುವುದಿಲ್ಲ, ಹಿಂದೆ ನಗುವ ಸದ್ದೂ ಇಲ್ಲ. ಸಿರುಗುಪ್ಪ ಕಡೆ ಒಂದು ಪಂಚಾಯಿತಿ ಇಟ್ಟುಕೊಂಡು ಕನ್ನಡದಲ್ಲಿ ಇಂಥದ್ದು ಮಾಡಿದರೆ ರಾತ್ರಿ ಪಾಳಿ ಹೊಲಿಗೆಯನ್ನೂ ಬಿಟ್ಟು ಕೂತು ನೋಡುತ್ತೇನೆ.

ಇನ್ನು ಈಗ ಮತ್ತೆ ಮಾಡಬೇಕಾದ ಹಳೆ ಸಿನಿಮಾ. ರಿಮೇಕ್ ಅಂದ ತಕ್ಷಣ ಎಲ್ಲರೂ ದೊಡ್ಡ ಹೀರೋಗಳ ದೊಡ್ಡ ಚಿತ್ರ ಹೇಳುತ್ತಾರೆ. ಅವು ಇದ್ದ ಹಾಗೇ ಚೆನ್ನಾಗಿವೆ, ಬಿಡಿ. ನಾನು ಕೇಳುವುದು 1990ರ 'ಗಣೇಶನ ಮದುವೆ'. ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್. ಮುಖ್ಯಮಂತ್ರಿ ಚಂದ್ರು ಅವರ ರಮಣಮೂರ್ತಿಯ ವಠಾರ. ಅಲ್ಲಿ ಅನಂತ್ ನಾಗ್, ವಿನಯಾ ಪ್ರಸಾದ್ ಇಬ್ಬರಿಗೂ ದಿನಾ ಜಗಳ. ಅದೇ ಹುಡುಗ ಒಬ್ಬ ಗಾಯಕಿಯ ಕಂಠಕ್ಕೆ ಮನಸೋತು ಪತ್ರ ಬರೆಯುತ್ತಾನೆ. ಆ ಕಂಠ ತಾನು ದಿನಾ ಬೈಯುವ ಪಕ್ಕದ ಮನೆಯವಳದು ಅಂತ ಅವನಿಗೆ ಗೊತ್ತೇ ಇಲ್ಲ!

ಕೇಳಿಯೇ ಬದುಕುವ ನನ್ನಂಥವಳಿಗೆ ಈ ಕಥೆ ಎಷ್ಟು ಹತ್ತಿರ ನೋಡಿ. ಈಗ ಪತ್ರದ ಕಾಲ ಹೋಯಿತು, ಮೊಬೈಲ್ ಬಂತು, ಈ ಕಥೆ ನಡೆಯುವುದಿಲ್ಲ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕೆಲಸದ ವಾಟ್ಸಾಪ್ ಗುಂಪಿನಲ್ಲಿ ಬರೆಯಲು ಪುರುಸೊತ್ತಿಲ್ಲದೆ ಎಲ್ಲರೂ ವಾಯ್ಸ್ ಕಳಿಸುತ್ತಾರೆ. ನೂರು ಪೀಸ್ ಬಂತು, ದಾರ ಮುಗೀತು, ಅಂತ. ಅದರಲ್ಲಿ ಒಬ್ಬಳ ಧ್ವನಿ ಕೇಳಿದರೆ ನನಗೇ ಮನಸ್ಸು ಹಗುರಾಗುತ್ತದೆ. ಇವತ್ತಿಗೂ ಅವಳ ಮುಖ ನೋಡಿಲ್ಲ. ಎರಡು ಬೀದಿ ಆಚೆ ಇದ್ದಾಳಂತೆ. ವಠಾರ ಕಮ್ಮಿಯಾಗಿರಬಹುದು, ಆದರೆ ಒಂದೇ ನಲ್ಲಿ, ಒಂದೇ ಮೀಟರ್ ಬೋರ್ಡು, ಗೋಡೆಗೆ ಗೋಡೆ ಅಂಟಿದ ಮನೆ, ಇವೆಲ್ಲ ಕೌಲ್ ಬಜಾರಿನಲ್ಲಿ ಇನ್ನೂ ಇವೆ. ಬಂದು ಕ್ಯಾಮೆರಾ ಇಟ್ಟರೆ ಸಾಕು.

ಅದೇ ನಿರ್ದೇಶಕರ 'ಗೌರಿ ಗಣೇಶ' ನನಗೆ ಇನ್ನೂ ಪ್ರೀತಿ. ಆದರೆ ಅದನ್ನು ಮುಟ್ಟಬೇಡಿ. ಒಂದು ಮಗುವನ್ನು ತೋರಿಸಿ ಮೂರು ಜನಕ್ಕೂ ನಿನ್ನದೇ ಮಗ ಅಂತ ನಂಬಿಸುವ ಕಥೆ ಅದು. ಇವತ್ತು ಒಂದು ಡಿಎನ್ಎ ಟೆಸ್ಟಿಗೆ ಮುಗಿದುಹೋಗುತ್ತದೆ.

ನಗು ಇಲ್ಲದ ಒಂದು ಚಿತ್ರವೂ ನನ್ನ ಪಟ್ಟಿಯಲ್ಲಿದೆ. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆ, ತಬರನಾಗಿ ಚಾರುಹಾಸನ್. ಪೆನ್ಷನ್ನಿಗಾಗಿ ಕಚೇರಿ ಕಚೇರಿ ಅಲೆಯುವ ಮುನಿಸಿಪಾಲಿಟಿ ನೌಕರ, ಮನೆಯಲ್ಲಿ ಕಾಲಿನ ಗಾಯ ಮಾಯದ ಹೆಂಡತಿ. ಇದನ್ನು ಒಂದು ಸಲ ಟಿವಿಯಲ್ಲಿ ಹಾಕಿದಾಗ ನಾನು ಮಷೀನ್ ಬಂದ್ ಮಾಡಿ ಪೂರ್ತಿ ನೋಡಿದೆ.

ಹೋದ ವರ್ಷ ನಮ್ಮ ಅತ್ತೆಯ 1,200 ರೂಪಾಯಿ ಸಂಧ್ಯಾ ಸುರಕ್ಷಾ ಹಣ, ಅಂದರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಪೆನ್ಷನ್, ನಿಂತಿತು. ಹೆಬ್ಬೆಟ್ಟು ಕೊಡಬೇಕು ಅಂದರು. ಜೀವನಪೂರ್ತಿ ಮೆಣಸಿನಕಾಯಿ ಹೊಲದಲ್ಲಿ ದುಡಿದ ಕೈ ಅದು. ಗೆರೆಯೇ ಉಳಿದಿಲ್ಲ, ನುಣ್ಣಗೆ ಕಲ್ಲಿನ ಥರ. ಮಷೀನ್ ಕೆಂಪು ದೀಪ ತೋರಿಸುತ್ತಲೇ ಇತ್ತು. ಒರೆಸಿ ಇಟ್ಟರು, ಒದ್ದೆ ಮಾಡಿ ಇಟ್ಟರು, ಬೇರೆ ಬೆರಳು ಇಟ್ಟರು. ನಾಲ್ಕು ಸಲ ಕರೆದುಕೊಂಡು ಹೋದೆ. ಮೂರನೇ ಸಲ ಬಿಸಿಲಲ್ಲಿ ವಾಪಸ್ ಬರುವಾಗ ಅತ್ತೆ ತಮ್ಮ ಹೆಬ್ಬೆರಳನ್ನೇ ನೋಡುತ್ತಾ, "ಇದು ನಂದಲ್ಲಂತೆ ನೋಡವ್ವ" ಅಂದರು.

ತಬರನನ್ನು ಈಗ ಮಾಡುವವರು ಕಡತದ ಜಾಗದಲ್ಲಿ ಆ ಕೆಂಪು ದೀಪ ಇಡಲಿ. ಸಂಗೀತ ಬೇಡ. ಬೆರಳಿಟ್ಟಾಗ ಆ ಮಷೀನ್ ಮಾಡುವ ಸಣ್ಣ 'ಬೀಪ್' ಒಂದೇ ಸಾಕು. ಹೊಲಿಗೆ ಸದ್ದಿನ ನಡುವೆಯೂ ಅದು ನನಗೆ ಕೇಳುತ್ತದೆ.